ಸಾಗರಜಲದ ಸಾಕ್ಷ್ಯ

ಕಡಲ ನೀರು ಕಣ್ಣಿಗೆ ಎಲ್ಲೆಡೆಯೂ ಒಂದೇ ತೆರನಾಗಿ ತೋರುವುದು. ಅದರಲ್ಲಿ ಕರಗಿರುವ ಅತ್ಯಲ್ಪ ದ್ರವ್ಯಗಳನ್ನು ಅಳೆದರೆ ಮಾತ್ರ, ಆ ನೀರು ಹರಿದುಬಂದ ದಾರಿಯು ತಿಳಿಯುವುದು. ಈ ವಿದ್ಯೆಯಲ್ಲಿ ಜಪಾನಿನ ವಿದುಷಿ ಕಾತ್ಸುಕೊ ಸರುಹಾಷಿಯವರ (೧೯೨೦-೨೦೦೭) ಹೆಸರು ಸ್ಮರಣೀಯವಾದುದು.

೧೯೫೪ನೆಯ ಮಾರ್ಚಿ ೧ರಂದು ಅಮೆರಿಕದವರು ಬಿಕಿನಿ ದ್ವೀಪದಲ್ಲಿ ಜಲಜನಕದ ಬಾಂಬನ್ನು ಸಿಡಿಸಿದರು. ಅದರ ಬೂದಿಯು ಜಪಾನೀಯರ ಮೀನುಹಡಗೊಂದರಲ್ಲಿದ್ದ ೨೩ ಮಂದಿಯ ಮೇಲೆ ಸುರಿಯಿತು. ಆ ಬಳಿಕ ಸರುಹಾಷಿಯವರು ತಮ್ಮ ಗುರುಗಳಾದ ಯಸುವೊ ಮಿಯಾಕೆಯವರೊಡನೆ ಸಮುದ್ರಜಲದಲ್ಲಿ ಬೆರೆತ ಸೀಸಿಯಂ-೧೩೭ ಎಂಬ ವಿಕಿರಣದ್ರವ್ಯವನ್ನು ಅಳೆಯತೊಡಗಿದರು. ಅಮೆರಿಕದ ಪಶ್ಚಿಮ ತೀರಕ್ಕಿಂತ ಜಪಾನಿನ ಸಮೀಪದಲ್ಲಿ ಅದು ಬಹಳ ಹೆಚ್ಚಾಗಿ ಕಂಡುಬಂದಿತು. ಪ್ರವಾಹಗಳೇ ಅದನ್ನು ಹೊತ್ತು ತಂದಿದ್ದುವು. ವಿಷವು ಕಡಲಿನಲ್ಲಿ ಬೇಗನೆ ತೆಳುವಾಗುವುದೆಂದು ನಂಬಿದ್ದ ಅಮೆರಿಕದ ಕೆಲವು ಪಂಡಿತರು, ಜಪಾನಿನ ಅಳತೆಯೇ ತಪ್ಪೆಂದು ಶಂಕಿಸಿದರು.

ಶಂಕಾಪರಿಹಾರಕ್ಕಾಗಿ ಸರುಹಾಷಿಯವರು ೧೯೬೨ರಲ್ಲಿ ಕ್ಯಾಲಿಫೋರ್ನಿಯದ ಸ್ಕ್ರಿಪ್ಸ್ ಸಾಗರಶಾಸ್ತ್ರ ಸಂಸ್ಥೆಗೆ ತೆರಳಿದರು. ಅಲ್ಲಿಯ ಥಿಯೊಡೋರ್ ಫೋಲ್ಸಂ ಅವರ ಕ್ರಮವನ್ನೂ ಇವರ ಕ್ರಮವನ್ನೂ ಒಂದಕ್ಕೊಂದು ಹೋಲಿಸಿ ನೋಡಲಾಗಿ ಫಲಿತಾಂಶಗಳು ಹೊಂದಿಕೊಂಡುವು. ಶಂಕೆಗೆ ಎಡೆಯುಳಿಯಲಿಲ್ಲ. ವಾಯುಮಂಡಲದಲ್ಲಿಯೂ ನೀರಿನೊಳಗೂ ಅಣ್ವಸ್ತ್ರಪರೀಕ್ಷೆಯನ್ನು ನಿಷೇಧಿಸುವ ಒಪ್ಪಂದವು ೧೯೬೩ರಲ್ಲಿ ಆಯಿತು.

ಟೋಕಿಯೋ ವಿಶ್ವವಿದ್ಯಾನಿಲಯದಿಂದ ೧೯೫೭ರಲ್ಲಿ ರಸಾಯನಶಾಸ್ತ್ರದ ಡಾಕ್ಟರ್ ಪದವಿಯನ್ನು ಪಡೆದ ಮೊದಲನೆಯ ಸ್ತ್ರೀ ಇವರೇ. ೧೯೮೦ರಲ್ಲಿ ಜಪಾನಿನ ವಿಜ್ಞಾನ ಪರಿಷತ್ತಿಗೆ ಚುನಾಯಿತರಾದ ಮೊದಲನೆಯ ಸ್ತ್ರೀಯೂ ಇವರೇ. ಆದರೂ ಇವರ ಕೀರ್ತಿಗೆ ತಳಹದಿಯಾದುದು, ಶಂಕಿಸಿದವರ ನೆಲದಲ್ಲಿಯೇ ನಿಂತು ಸತ್ಯವನ್ನು ಅಳೆದು ತೋರಿದ ಆ ಪರೀಕ್ಷೆ.