'ನಮ್ದೇ' ಅನ್ನೋ ಪದಕ್ಕೆ ಬೆಲೆ ಕಟ್ಟಿದವರ ಕಥೆ

ಹೋಟೆಲ್‌ನಲ್ಲಿ ದೋಸೆ ಚೆನ್ನಾಗಿಲ್ಲ ಅಂದ್ರೆ ಮುಂದಿನ ಸಲ ಪಕ್ಕದ ಹೋಟೆಲ್‌ಗೆ ಹೋಗ್ತೀವಿ. ನಮ್ಮ ಟೀಮ್ ಸೋತ್ರೆ? ಮುಂದಿನ ವರ್ಷ ಮತ್ತೆ ಅದೇ ಜೆರ್ಸಿ ಹಾಕ್ಕೊಂಡು ಟಿವಿ ಮುಂದೆ ಕೂರ್ತೀವಿ. ಬಿ.ಕಾಂನಲ್ಲಿ ನಾನು ಓದಿದ ಡಿಮಾಂಡ್-ಸಪ್ಲೈ ಪಾಠಕ್ಕೆ ಈ ಗಿರಾಕಿ ಹೊಂದೋದೇ ಇಲ್ಲ. ಇವನ ಬಗ್ಗೆ ವಿಶ್ವವಿದ್ಯಾಲಯಗಳು ಯಾವಾಗ ತಲೆ ಕೆಡಿಸಿಕೊಂಡವು? ಇವತ್ತಿನ ಎಪಿಸೋಡ್ ಅದರ ಬಗ್ಗೆ.

ಕಥೆ ಶುರುವಾಗೋದು ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ. ಅಲ್ಲಿನ ಬೇಸ್‌ಬಾಲ್ ತಂಡ ಡಾಡ್ಜರ್ಸ್ 7 ಸಲ ವರ್ಲ್ಡ್ ಸೀರೀಸ್ ತನಕ ಹೋಗಿ, 7 ಸಲವೂ ಸೋತಿತ್ತು. 'ಮುಂದಿನ ವರ್ಷ ನೋಡ್ತಿರಿ' ಅನ್ನೋದು ಅಭಿಮಾನಿಗಳ ಖಾಯಂ ಮಾತಾಗಿತ್ತು. ಕೇಳಿದಂಗಿದೆ ಅಲ್ವಾ? 1955ರಲ್ಲಿ ಕೊನೆಗೂ ಗೆದ್ದರು. ಆದರೆ ಖುಷಿ ಇದ್ದದ್ದು ಎರಡೇ ವರ್ಷ. ಹೊಸ ಸ್ಟೇಡಿಯಂನ ಜಾಗದ ವಿಚಾರದಲ್ಲಿ ನಗರದ ಜೊತೆ ಹೊಂದಾಣಿಕೆ ಆಗದೆ, ಮಾಲೀಕ ವಾಲ್ಟರ್ ಓಮ್ಯಾಲಿ 1957ರಲ್ಲಿ ತಂಡವನ್ನೇ ಲಾಸ್ ಏಂಜಲೀಸ್‌ಗೆ ಎತ್ತಿಕೊಂಡು ಹೋಗುವ ನಿರ್ಧಾರ ಪ್ರಕಟಿಸಿದರು. 1960ರಲ್ಲಿ ಹಳೇ ಸ್ಟೇಡಿಯಂ ಎಬೆಟ್ಸ್ ಫೀಲ್ಡನ್ನೂ ಕೆಡವಿದರು.

ಅದೇ 1957ರಲ್ಲಿ ಇದೇ ಓಮ್ಯಾಲಿ, ಜೇಮ್ಸ್ ಮೇಸನ್ ಅನ್ನೋ ಪ್ರೊಫೆಸರ್‌ಗೆ ಒಂದು ಪತ್ರ ಬರೀತಾರೆ. ಕ್ರೀಡೆಯ ವ್ಯವಹಾರ ನಡೆಸೋಕೆ ಓದಿ ತರಬೇತಾದವರು ಎಲ್ಲಿ ಸಿಗ್ತಾರೆ ಅನ್ನೋದು ಅದರ ಸಾರಾಂಶ. ಅಂಥ ಸ್ನಾತಕೋತ್ತರ ಕೋರ್ಸ್ ಆಗ ಇರಲಿಲ್ಲ. ಆ ಯೋಚನೆಯಿಂದಲೇ 1966ರಲ್ಲಿ ಓಹಾಯೋ ವಿಶ್ವವಿದ್ಯಾಲಯದಲ್ಲಿ ಕ್ರೀಡಾ ಆಡಳಿತದ ಮೊದಲ ಸ್ನಾತಕೋತ್ತರ ಪದವಿ ಶುರುವಾಯ್ತು. 1985ರಲ್ಲಿ ಉತ್ತರ ಅಮೆರಿಕದ ಸಂಶೋಧಕರು ಸೇರಿ ಸಂಘ ಕಟ್ಟಿದರು, 1987ರಲ್ಲಿ 'ಜರ್ನಲ್ ಆಫ್ ಸ್ಪೋರ್ಟ್ ಮ್ಯಾನೇಜ್‌ಮೆಂಟ್' ಬಂತು. ಗಮನಿಸಿ, ಈ ವಿಷಯ ಹುಟ್ಟಿದ್ದು ಮಾಲೀಕನ ಪ್ರಶ್ನೆಯಿಂದ. ಅಭಿಮಾನಿಯ ಪ್ರಶ್ನೆಯಿಂದ ಅಲ್ಲ.

ಹಾಗಾದರೆ ಅಭಿಮಾನಿಯನ್ನ ಮೊದಲು ಓದಿದವರು ಯಾರು? ಇಲ್ಲಿ ಒಬ್ಬ ಮನಶ್ಶಾಸ್ತ್ರಜ್ಞನ ಹೆಸರು ಹೇಳಲೇಬೇಕು: ರಾಬರ್ಟ್ ಸಿಯಾಲ್ಡಿನಿ. ಇವರ ತಂಡ 1976ರಲ್ಲಿ ಪ್ರಕಟಿಸಿದ ಅಧ್ಯಯನವನ್ನ ಕ್ರೀಡಾ ಮಾರ್ಕೆಟಿಂಗ್ ಓದುವವರು ಇವತ್ತಿಗೂ ಬಿಡೋ ಹಾಗಿಲ್ಲ. ಮಾಡಿದ್ದು ಬಹಳ ಸರಳ. ಅಮೆರಿಕದ 7 ವಿಶ್ವವಿದ್ಯಾಲಯಗಳಲ್ಲಿ, ಫುಟ್‌ಬಾಲ್ ಪಂದ್ಯ ಮುಗಿದ ಮೇಲಿನ ಸೋಮವಾರ, ತಮ್ಮ ಕಾಲೇಜಿನ ಹೆಸರೋ ಲಾಂಛನವೋ ಇರೋ ಬಟ್ಟೆಯನ್ನ ಎಷ್ಟು ಜನ ಹಾಕಿದ್ದಾರೆ ಅಂತ ಎಣಿಸಿದರು. ಗೆದ್ದ ವಾರ ಹೆಚ್ಚು, ಸೋತ ವಾರ ಕಡಿಮೆ.

ನನಗೆ ಹೆಚ್ಚು ತಟ್ಟಿದ್ದು ಮುಂದಿನ ಭಾಗ. ವಿದ್ಯಾರ್ಥಿಗಳಿಗೆ ಫೋನ್ ಮಾಡಿ ಒಂದು ಸಣ್ಣ ಪರೀಕ್ಷೆ ಕೊಟ್ಟರು. ಕೆಲವರಿಗೆ 'ಚೆನ್ನಾಗಿ ಮಾಡಿದ್ದೀರಿ' ಅಂದರು, ಇನ್ನು ಕೆಲವರಿಗೆ 'ಸರಿಯಾಗಿ ಮಾಡಿಲ್ಲ' ಅಂದರು. ಆಮೇಲೆ ತಂಡದ ಪಂದ್ಯ ಏನಾಯ್ತು ಅಂತ ಕೇಳಿದರು. ತಂಡ ಗೆದ್ದಿದ್ದರೆ 'ನಾವು' ಅನ್ನೋ ಪದ ಹೆಚ್ಚು ಬರ್ತಿತ್ತು. ಈ ವ್ಯತ್ಯಾಸ ಎದ್ದು ಕಂಡಿದ್ದು, ತಾವೇ ಪರೀಕ್ಷೆಯಲ್ಲಿ ಸೋತೆವು ಅಂದ್ಕೊಂಡವರಲ್ಲಿ. ಅಂದ್ರೆ, ಸ್ವಂತ ಬದುಕಲ್ಲಿ ಪೆಟ್ಟು ತಿಂದವನಿಗೆ ತಂಡದ ಗೆಲುವು ಬರೀ ಮನರಂಜನೆ ಅಲ್ಲ, ಮುಲಾಮು.

ಈಗ ನಮ್ಮೂರಿಗೆ ಬನ್ನಿ. 'ಈ ಸಲ ಕಪ್ ನಮ್ದೇ' ಅನ್ನೋದರಲ್ಲಿ 'ನಮ್ದೇ' ಅನ್ನೋದು ಸಿಯಾಲ್ಡಿನಿ ಎಣಿಸಿದ ಅದೇ ಪದ. ಆರ್‌ಸಿಬಿಯ ಪುರುಷರ ತಂಡ 2009, 2011, 2016ರಲ್ಲಿ ಫೈನಲ್ ಸೋತರೂ ನಮ್ಮ ಜನ ಅದನ್ನ ಬಿಡಲಿಲ್ಲ. 2025ರ ಜೂನ್ 3ರಂದು ಕಪ್ ಬಂತು. ಮಾರನೇ ದಿನ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. 'ನಮ್ದು' ಅಂದುಕೊಂಡು, ಬರೀ ನೋಡೋಕೆ ಬಂದವರು.

ಅಕೌಂಟ್ಸ್‌ನಲ್ಲಿ ಗುಡ್‌ವಿಲ್ ಅಂತ ಒಂದು ಆಸ್ತಿ ಇದೆ. ಕಣ್ಣಿಗೆ ಕಾಣಲ್ಲ, ಆದರೆ ವ್ಯವಹಾರ ಮಾರುವಾಗ ಅದಕ್ಕೂ ಬೆಲೆ ಕಟ್ತಾರೆ. ಅಭಿಮಾನಿಗಳ ಈ 'ನಮ್ದೇ' ತಂಡದ ಗುಡ್‌ವಿಲ್. ಅದನ್ನ ಬೆಳೆಸಿದವನ ಕೈಯಲ್ಲಿ ಮಾತ್ರ ಒಂದು ಷೇರೂ ಇಲ್ಲ. ಬ್ರೂಕ್ಲಿನ್‌ನವರಿಗೂ ಇರಲಿಲ್ಲ.

ಈ ನಿಷ್ಠೆಯನ್ನ ಹೇಗೆ ಬೆಳೆಸಬೇಕು ಅಂತ ಸಾಕಷ್ಟು ಸಂಶೋಧನೆ ಆಗಿದೆ. ಬೆಳೆಸಿದ ಮೇಲೆ ಅದಕ್ಕೆ ಯಾರು ಜವಾಬ್ದಾರಿ ಅನ್ನೋದನ್ನ ಮಾಲೀಕರು ಪತ್ರ ಬರೆದು ಕೇಳ್ತಾರೆ ಅಂತ ಕಾಯೋಕಾಗಲ್ಲ. ಅದನ್ನ ನಾವೇ ಕೇಳಬೇಕು. ನಿಮಗೇನನ್ಸುತ್ತೆ, ಬರೆದು ಕಳಿಸಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.