ಚಿತ್ರದೊಳಗಿನ ಅಕ್ಷರ



ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಅಜ್ಜ ಬರೆದ ಕಾಗದವೊಂದು ಇರಬಹುದು. ಅದರ ಛಾಯಾಚಿತ್ರ ತೆಗೆದೊಡನೆ, ಬರಹ ಗೆದ್ದಲಿನಿಂದ ಪಾರಾಯಿತೆಂದು ನಾವು ನೆಮ್ಮದಿಗೊಳ್ಳುತ್ತೇವೆ. ಆದರೆ ಗಣಕಯಂತ್ರಕ್ಕೆ ಆ ಚಿತ್ರ ಬರಿಯ ಚುಕ್ಕೆಗಳ ಗುಂಪು. ಅದರಲ್ಲಿ ಹೆಸರೊಂದನ್ನು ಹುಡುಕಲಾಗದು, ಪದವೊಂದನ್ನು ತಿದ್ದಲಾಗದು. ಚಿತ್ರದೊಳಗಿನ ಗೆರೆಗಳನ್ನು ಮರಳಿ ಅಕ್ಷರಗಳನ್ನಾಗಿಸುವ ತಂತ್ರಕ್ಕೆ ಓಸಿಆರ್ ಎಂದು ಹೆಸರು. ಹಳೆಯ ಕೈಬರಹದ ಮುಂದೆ ಈ ತಂತ್ರ ಹೇಗೆ ತಡವರಿಸಿತು, ಹೇಗೆ ಕಲಿಯಿತು ಎಂಬುದನ್ನು ರೋಮಿನ ಒಂದು ಪ್ರಯತ್ನ ತೋರಿಸಿಕೊಡುತ್ತದೆ.

ವ್ಯಾಟಿಕನ್ನಿನ ಪತ್ರಾಗಾರದಲ್ಲಿ ಹನ್ನೆರಡು ಶತಮಾನಗಳ ದಾಖಲೆಗಳಿವೆ. ಅದರ ಕಪಾಟುಗಳನ್ನು ಸಾಲಾಗಿಟ್ಟರೆ 85 ಕಿಲೋಮೀಟರ್ ಉದ್ದವಾಗುತ್ತದೆ. 1881ರಲ್ಲಿ ಹದಿಮೂರನೆಯ ಲಿಯೋ ಜಗದ್ಗುರುಗಳು ಅದನ್ನು ವಿದ್ವಾಂಸರಿಗೆ ತೆರೆದರು. ಬಾಗಿಲು ತೆರೆಯಿತು ನಿಜ. ಆದರೆ ಬೇಕಾದ ಒಂದು ಸಾಲು ಯಾವ ಪುಟದಲ್ಲಿದೆ ಎಂದು ಹೇಳುವವರು ಯಾರು? ಈ ಕೊರತೆ ನೀಗಲೆಂದು ರೋಮಾ ತ್ರೆ ವಿಶ್ವವಿದ್ಯಾಲಯದ ತಜ್ಞರು 'ಇನ್ ಕೋಡಿಚೆ ರಾತ್ಸಿಯೋ' ಎಂಬ ಯೋಜನೆಯನ್ನು ಕೈಗೊಂಡು, ಹದಿಮೂರನೆಯ ಶತಮಾನದ ಲ್ಯಾಟಿನ್ ದಫ್ತರಗಳನ್ನು ಯಂತ್ರದಿಂದ ಓದಿಸಲು ತೊಡಗಿದರು.

ಅಚ್ಚಿನ ಪುಟದಲ್ಲಿ ಅಕ್ಷರಗಳ ನಡುವೆ ತೆರಪಿರುತ್ತದೆ. ಕೈಬರಹದಲ್ಲಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಅದರಲ್ಲಿಯೂ ಆ ಕಾಲದ ಬರಹದ ಐ, ಎನ್, ಎಂ, ಯು ಎಲ್ಲವೂ ಪುಟ್ಟ ನಿಲುಗೆರೆಗಳೇ: ಎರಡು ಗೆರೆ ಸೇರಿದರೆ ಎನ್, ಮೂರು ಸೇರಿದರೆ ಎಂ. ಒಂದು ಅಕ್ಷರ ಎಲ್ಲಿ ಮುಗಿಯಿತೆಂದು ತಿಳಿಯುವುದೇ ಕಷ್ಟ. ಆದ್ದರಿಂದ ತಜ್ಞರು ಪದಗಳನ್ನು ಸಣ್ಣ ಸಣ್ಣ ಗೆರೆಗಳಾಗಿ ತುಂಡರಿಸಿ, ಯಾವ ತುಂಡುಗಳು ಸೇರಿದರೆ ಯಾವ ಅಕ್ಷರವಾಗುತ್ತದೆ ಎಂದು ಯಂತ್ರಕ್ಕೆ ಕಲಿಸಿದರು. ಆ ಪಾಠಕ್ಕೆ ಬೇಕಾದ ಮಾದರಿಗಳನ್ನು ಗುರುತಿಸಿಕೊಟ್ಟವರು ಇಟಲಿಯ ಪ್ರೌಢಶಾಲೆಯ ವಿದ್ಯಾರ್ಥಿಗಳು. ಅವರಿಗೆ ಲ್ಯಾಟಿನ್ ಪಾಂಡಿತ್ಯ ಬೇಕಿರಲಿಲ್ಲ. ಲಿಪಿತಜ್ಞರು ಕೊಟ್ಟ ಆಕೃತಿಗೆ ಹೋಲುವ ಆಕೃತಿಗಳನ್ನು ತಾಳ್ಮೆಯಿಂದ ಆರಿಸಿದರೆ ಸಾಕಿತ್ತು.

2018ರಲ್ಲಿ ತಿಳಿದುಬಂದ ಫಲಿತಾಂಶದಂತೆ ಯಂತ್ರವು ನೂರಕ್ಕೆ 96 ಅಕ್ಷರಗಳನ್ನು ಸರಿಯಾಗಿ ಓದಿತ್ತು. ಆದರೂ ಪದಗಳಲ್ಲಿ ಮೂರನೆಯ ಒಂದು ಪಾಲು ತಪ್ಪಾಗಿದ್ದವು! ವಿಚಿತ್ರವೆನಿಸಿದರೂ ಲೆಕ್ಕ ಸರಿಯೇ. ಪ್ರತಿ ಅಕ್ಷರವೂ ನೂರಕ್ಕೆ 4ರಷ್ಟು ತಪ್ಪಬಹುದಾದರೆ, ಹತ್ತು ಅಕ್ಷರಗಳ ಪದವೊಂದು ಪೂರ್ತಿ ಸರಿಯಾಗಿ ಉಳಿಯುವ ಸಾಧ್ಯತೆ ಮೂರರಲ್ಲಿ ಎರಡು ಪಾಲು ಮಾತ್ರ.

ಈ ಲೆಕ್ಕ ನಮಗೇಕೆ ಎನ್ನುವಿರಾ? ಗುರುಗಳು ವಿವಾಹಗಳ ವಿವರವನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ಟ್ರೆಂಟ್ ಮಹಾಸಭೆಯು 1563ರಲ್ಲಿ ವಿಧಿಸಿತು. ಅಂದಿನಿಂದ ಜ್ಞಾನಸ್ನಾನ, ವಿವಾಹ, ಮರಣಗಳ ದಫ್ತರಗಳು ಎಷ್ಟೋ ಬಡವರ ಬದುಕಿಗೆ ಉಳಿದಿರುವ ಏಕೈಕ ಲಿಖಿತ ಸಾಕ್ಷಿಯಾಗಿವೆ. ಇಂದು ಅವುಗಳ ಚಿತ್ರ ತೆಗೆದು ಅಕ್ಷರಕ್ಕಿಳಿಸುವುದು ಸುಲಭವಾಗಿದೆ. ಕನ್ನಡದ ಅಚ್ಚನ್ನೂ ಯಂತ್ರಗಳು ಓದುತ್ತವೆ. ಆದರೆ ಮಸುಕಾದ ಪುಟದಲ್ಲಿ 'ದ' ಮತ್ತು 'ಧ', 'ಪ' ಮತ್ತು 'ಷ' ಒಂದು ಸಣ್ಣ ಗೀಟಿನಿಂದಷ್ಟೇ ಬೇರೆಯಾಗುತ್ತವೆ. ಸಾಲಿನ ಕೆಳಗಿನ ಒತ್ತಕ್ಷರ ಕಣ್ತಪ್ಪಿಹೋಗಬಹುದು. ಸಾಮಾನ್ಯ ವಾಕ್ಯದಲ್ಲಿ ಇಂಥ ತಪ್ಪನ್ನು ಅರ್ಥವೇ ತಿದ್ದುತ್ತದೆ. ಹೆಸರನ್ನೂ ಇಸವಿಯನ್ನೂ ತಿದ್ದಲು ಅರ್ಥದ ಆಸರೆಯಿಲ್ಲ. ಒಂದು ಅಕ್ಷರ ತಪ್ಪಿದರೆ, ಮೊಮ್ಮಗಳು ಹುಡುಕಿದಾಗ ಮುತ್ತಜ್ಜಿ ಸಿಗುವುದಿಲ್ಲ. ಪುಟದಲ್ಲಿ ಹೆಸರಿದ್ದೂ ಆಕೆ ಇಲ್ಲದವಳಾಗುತ್ತಾಳೆ.

ಆದ್ದರಿಂದ, ಓದುಗರೇ, ಹಳೆಯ ಬರಹವನ್ನು ಅಕ್ಷರಕ್ಕಿಳಿಸುವಾಗ ಮೂಲ ಕಾಗದವನ್ನೂ ಅದರ ಚಿತ್ರವನ್ನೂ ಕಾಯ್ದಿಡಿ. ಒಬ್ಬರು ಮೂಲವನ್ನು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಯಂತ್ರ ಕೊಟ್ಟ ಪಾಠವನ್ನು ಒಪ್ಪಹಚ್ಚಲಿ. ಆ ಕೈಬರಹವನ್ನು ಬಲ್ಲ ಹಿರಿಯರು ಮನೆಯಲ್ಲಿದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಂತ್ರ ಎಂದಾದರೂ ದೊರೆತೀತು. ಅವರು ಇರುವಾಗಲೇ ಈ ಕೆಲಸ ಆಗಬೇಕು.