ಗೋಡೆ ಮೇಲಿನ ಹಸಿರೆಲ್ಲ ಪಾಚಿಯಲ್ಲ: ಮಾಸ್, ಲಿವರ್‌ವರ್ಟ್ ಗುರುತಿಸುವುದು ಹೇಗೆ?

ಹೈದರಾಬಾದ್: ಮಳೆಗಾಲ ಶುರುವಾದರೆ ಸಾಕು, ನಗರದ ಹಳೆಯ ಗೋಡೆ, ಬಂಡೆಗಳ ಸಂದು, ಹೂಕುಂಡಗಳ ಮೇಲೆ ಹಸಿರು ಪದರ ಕಾಣಿಸಿಕೊಳ್ಳುತ್ತದೆ. ಜನ ಇದನ್ನೆಲ್ಲ ‘ಪಾಚಿ’ ಎನ್ನುತ್ತಾರೆ. ಆದರೆ ಇದರಲ್ಲಿ ಮಾಸ್ ಮತ್ತು ಲಿವರ್‌ವರ್ಟ್ ಎಂಬ ಪುಟಾಣಿ ಸಸ್ಯಗಳೂ ಇರುತ್ತವೆ.

ಏನಿವು?
ಎರಡೂ ಬ್ರಯೋಫೈಟ್ ಗುಂಪಿನ ಸಸ್ಯಗಳು. ಇವುಗಳಿಗೆ ಹೂವು, ಬೀಜ, ನಿಜವಾದ ಬೇರು ಇಲ್ಲ. ನೀರನ್ನು ಮೈಯಿಂದಲೇ ಹೀರಿಕೊಂಡು, ಧೂಳಿನಂಥ ಬೀಜಕಣಗಳಿಂದ ಹರಡುತ್ತವೆ. ಜಗತ್ತಿನಲ್ಲಿ ಸುಮಾರು 12,000 ಬಗೆಯ ಮಾಸ್, 7,000 ಬಗೆಯ ಲಿವರ್‌ವರ್ಟ್‌ಗಳಿವೆ.

ವ್ಯತ್ಯಾಸವೇನು?
ಮಾಸ್ ಮಖಮಲ್ಲಿನಂತೆ ಕಾಣುತ್ತದೆ. 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿದರೆ ಪುಟ್ಟ ಕಾಂಡ, ಸುತ್ತಲೂ ಎಲೆ, ಕೆಲವೊಮ್ಮೆ ದಾರದಂಥ ತೊಟ್ಟಿನ ತುದಿಯಲ್ಲಿ ಬೀಜಕಣದ ಕೋಶ ಕಾಣುತ್ತದೆ. ಲಿವರ್‌ವರ್ಟ್‌ಗಳಲ್ಲಿ ಎಲೆಯಿರುವ ಬಗೆಗಳೂ ಉಂಟು. ಆದರೆ ರಿಕ್ಸಿಯಾದಂಥವು ಒದ್ದೆ ಮಣ್ಣಿಗೆ ಅಂಟಿಕೊಂಡು, ಕವಲೊಡೆದ ಚಪ್ಪಟೆ ಪಟ್ಟಿಗಳಾಗಿ ವೃತ್ತಾಕಾರದಲ್ಲಿ ಹರಡುತ್ತವೆ.

ಏಕೆ ಉಳಿಸಬೇಕು?
ಬೇಸಿಗೆಯಲ್ಲಿ ಒಣಗಿ ಕಪ್ಪಾದ ಎಷ್ಟೋ ಮಾಸ್‌ಗಳು ಸತ್ತಿರುವುದಿಲ್ಲ, ನೀರು ಬಿದ್ದೊಡನೆ ಮತ್ತೆ ಹಸಿರಾಗುತ್ತವೆ. ಬರಿಯ ಬಂಡೆಯ ಮೇಲೆ ಮಣ್ಣು ಕೂಡಿಡುವುದೂ ಇವೇ. ಗಾಳಿಯಲ್ಲಿನ ಲೋಹದ ಕಣಗಳನ್ನು ಹೀರುವುದರಿಂದ ವಿಜ್ಞಾನಿಗಳು ಮಾಲಿನ್ಯ ಅಳೆಯಲು ಮಾಸ್ ಬಳಸುತ್ತಾರೆ. ಹೈದರಾಬಾದ್‌ನ ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಬಂಡೆಗಳನ್ನು ಕಟ್ಟಡಗಳಿಗಾಗಿ ಒಡೆದಾಗ, ಸಂದಿನಲ್ಲಿದ್ದ ಈ ಸಸ್ಯಗಳೂ ಮಾಯವಾಗುತ್ತವೆ.

ಜಾರುವ ಮೆಟ್ಟಿಲನ್ನು ಉಜ್ಜಲೇಬೇಕು. ಕಾಂಪೌಂಡ್ ಗೋಡೆಯ ಮೇಲಿನದ್ದನ್ನು ಮಾತ್ರ ಕೀಳದೆ, ಹಾಗೇ ಬಿಟ್ಟು ಗಮನಿಸಿ.